ಮಳೆಗಾಲಕ್ಕೆ ಮೊದಲು ಮನೆಯ ಕಂಪ್ಯೂಟರಿಗೊಂದು ಆರೈಕೆ

ಮೇ ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಸೌದೆಯನ್ನು ಕೊಟ್ಟಿಗೆಗೆ ಸೇರಿಸುವುದು ಒಂದು. ಕಂಪ್ಯೂಟರನ್ನು ಜಗಲಿಗೆ ತಂದು, ಬಿಚ್ಚಿ, ಧೂಳು ತೆಗೆಯುವುದು ಇನ್ನೊಂದು. ನಮ್ಮದು ಸಾಗರದ ಹತ್ತಿರದ ಹಳ್ಳಿ. ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಉಪ್ಪು ನೀರಾಗುತ್ತದೆ, ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ. ಕಂಪ್ಯೂಟರ್ ಒಳಗೂ ಅದೇ ಗಾಳಿ ಓಡಾಡುತ್ತದೆ.

ನಾನು 2006ರಿಂದ ಮನೆಯಲ್ಲೇ ಡಿಟಿಪಿ ಮಾಡುತ್ತಿದ್ದೇನೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಇಂಥವೇ. ಈಗಿರುವುದು ಮೂರನೇ ಕಂಪ್ಯೂಟರ್. ಮೊದಲನೆಯದನ್ನು ಮುಟ್ಟಲು ಹೆದರುತ್ತಿದ್ದೆ. ಈಗ ನೆಂಟರ ಮನೆಗೆ ಹೋದರೂ ಒಂದು ಸ್ಕ್ರೂಡ್ರೈವರ್ ಬ್ಯಾಗಿನಲ್ಲಿರುತ್ತದೆ. ಇಲ್ಲಿ ಬರೆಯುತ್ತಿರುವುದು ಮನೆಯಲ್ಲೇ ಮಾಡಬಹುದಾದ ಕೆಲಸಗಳನ್ನು ಮಾತ್ರ. ನನ್ನದು ವಿಂಡೋಸ್ ಡೆಸ್ಕ್‌ಟಾಪ್, ಹಾಗಾಗಿ ಹೇಳುವುದೆಲ್ಲ ಅದಕ್ಕೇ ಹೊಂದುತ್ತದೆ.

ಬ್ರಷ್ ಹಿಡಿಯುವ ಮೊದಲು ನಕಲು ತೆಗೆಯಿರಿ

2014ರ ಜುಲೈನಲ್ಲಿ ನನ್ನ ಎರಡನೇ ಕಂಪ್ಯೂಟರ್ ಆನ್ ಆಗಿ ಅರ್ಧಕ್ಕೇ ನಿಲ್ಲತೊಡಗಿತು. ಪೇಟೆಯ ಒಂದು ಅಂಗಡಿಗೆ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋದಾಗ "ಫಾರ್ಮ್ಯಾಟ್ ಹೊಡೆದಿದ್ದೇನೆ ಅಕ್ಕಾ, ಈಗ ಆರಾಮಾಗಿ ಓಡುತ್ತೆ" ಎಂದರು. ಮನೆಗೆ ತಂದು ಹಾಕಿದೆ, ಆರಾಮಾಗಿಯೇ ಓಡಿತು. ಆದರೆ ಡೆಸ್ಕ್‌ಟಾಪ್ ಖಾಲಿ. ಅಲ್ಲಿ ನಮ್ಮ ಮಾವನವರು ಬರೆದ ಯಕ್ಷಗಾನ ಪ್ರಸಂಗ ಇತ್ತು. ಅವರು ಹಳೆಯ ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದನ್ನು ನಾನು ಎರಡು ಮಳೆಗಾಲ ಕೂತು ಟೈಪ್ ಮಾಡಿದ್ದೆ, 61 ಪುಟ. ಆ ಪುಸ್ತಕಕ್ಕೆ ಅಷ್ಟರಲ್ಲಿ ಗೆದ್ದಲು ಹಿಡಿದು ಹೋಗಿತ್ತು.

ಅಂಗಡಿಯವರು ಬೇಕೆಂದು ಮಾಡಿದ್ದಲ್ಲ. ಡಿ ಡ್ರೈವ್‌ನಲ್ಲಿದ್ದದ್ದನ್ನು ಮುಟ್ಟಿರಲಿಲ್ಲ, ವಿಂಡೋಸ್ ಇರುವ ಸಿ ಡ್ರೈವ್ ಮಾತ್ರ ಅಳಿಸಿದ್ದರು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಇರುವುದು ಸಿ ಡ್ರೈವ್‌ನಲ್ಲೇ ಎನ್ನುವುದು ನನಗೆ ಗೊತ್ತಿರಲಿಲ್ಲ. ಕಣ್ಣೆದುರು ಕಾಣುತ್ತದಲ್ಲ, ಡೆಸ್ಕ್‌ಟಾಪ್ ಮೇಲಿದ್ದರೆ ಭದ್ರ ಅಂದುಕೊಂಡಿದ್ದೆ. ವಿಂಡೋಸ್ ಕೆಟ್ಟಾಗ ಮೊದಲು ಹೋಗುವುದೇ ಆ ಜಾಗ.

ಅದಕ್ಕೇ ಹೇಳುತ್ತೇನೆ, ಧೂಳು ತೆಗೆಯುವ ಮೊದಲು, ಅಪ್‌ಡೇಟ್ ಮಾಡುವ ಮೊದಲು, ಅಂಗಡಿಗೆ ಕೊಡುವ ಮೊದಲು ನಕಲು ತೆಗೆಯಿರಿ. ಯಂತ್ರ ದುಡ್ಡು ಕೊಟ್ಟರೆ ಸಿಗುತ್ತದೆ.

ನಾನು ಮಾಡುವುದು ಹೀಗೆ. ಬೇಕಾದ ಫೈಲಿನ ಮೂರು ಪ್ರತಿ ಇರಬೇಕು. ಒಂದು ಕಂಪ್ಯೂಟರಿನಲ್ಲೇ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ. ಮೂರನೆಯದು ಮನೆಯಲ್ಲೇ ಇರಬಾರದು. ನನ್ನ ಮೂರನೇ ಪ್ರತಿ ಶಿವಮೊಗ್ಗದಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ. ಹಬ್ಬಕ್ಕೆ ಹೋದಾಗ ಹಳೆಯ ಡಿಸ್ಕ್ ತಂದು ಹೊಸದನ್ನು ಇಟ್ಟು ಬರುತ್ತೇನೆ. ಇಂಟರ್ನೆಟ್ ಚೆನ್ನಾಗಿದ್ದರೆ ಗೂಗಲ್ ಡ್ರೈವ್, ಒನ್‌ಡ್ರೈವ್ ಕೂಡ ಆಗುತ್ತದೆ. ಪುಕ್ಕಟೆ ಸಿಗುವ ಜಾಗ ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ. ಫೋಟೋಗಳಿಗೆ ಅದು ಸಾಲದು, ಬರಹಕ್ಕೆ ಧಾರಾಳ. ಪೆನ್‌ಡ್ರೈವ್ ನಂಬಿ ಕೂರಬೇಡಿ. ಅದು ಸಾಮಾನು ಸಾಗಿಸುವ ಚೀಲವೇ ಹೊರತು ಕಣಜ ಅಲ್ಲ.

ಹೊರಗಿನ ಡಿಸ್ಕನ್ನು ನಕಲು ಮುಗಿದ ತಕ್ಷಣ ಬಿಚ್ಚಿಡಿ. ಯಾವಾಗಲೂ ಸಿಕ್ಕಿಸಿಯೇ ಇದ್ದರೆ ಸಿಡಿಲಿಗೂ ವೈರಸ್ಸಿಗೂ ಕಂಪ್ಯೂಟರೂ ಡಿಸ್ಕೂ ಒಟ್ಟಿಗೇ ಸಿಗುತ್ತವೆ. ನಕಲು ಆಯಿತು ಎಂದು ಸುಮ್ನೆ ನಂಬದೆ ಡಿಸ್ಕ್‌ನಿಂದಲೇ ನಾಲ್ಕು ಫೈಲ್ ತೆರೆದು ನೋಡಿ.

ಧೂಳು ತೆಗೆಯುವುದು

ಬೇಕಾಗುವ ಸಾಮಾನು ಹೆಚ್ಚಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, ಒಂದು ಇಂಚಿನ ಹೊಸ ಪೇಂಟ್ ಬ್ರಷ್, ಕೈಯಲ್ಲಿ ಹಿಡಿಯುವ ಬ್ಲೋವರ್, ಹಳೆಯ ಹತ್ತಿ ಬಟ್ಟೆ, ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್, ಟಾರ್ಚ್. ಬ್ಲೋವರ್ ಇಲ್ಲದಿದ್ದರೆ ಕ್ಯಾಮರಾ ಲೆನ್ಸಿಗೆ ಗಾಳಿ ಹಾಕುವ ರಬ್ಬರ್ ಚೆಂಡು ಸಾಕು, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವವರನ್ನು ನೋಡಿದ್ದೇನೆ. ಬೇಡ. ಆ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ಪಸೆ ಇರುತ್ತದೆ, ರಭಸವೂ ಅತಿಯಾಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಕೂಡ ಒಳಗೆ ತೂರಿಸಬೇಡಿ, ಅದರ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ.

ಮೊದಲು ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ ಆರಿಸಿ, ಪವರ್ ವೈರ್ ಕಿತ್ತುಬಿಡಿ. ಆಮೇಲೆ ಕಂಪ್ಯೂಟರಿನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗಿನ ಮುಖ್ಯ ಬೋರ್ಡಿನಲ್ಲಿ ಉಳಿದ ಕರೆಂಟು ಹರಿದು ಹೋಗುತ್ತದೆ. ಹಿಂದಿನ ವೈರುಗಳ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಕ್ಯಾಬಿನೆಟ್ಟಿನ (ಕಂಪ್ಯೂಟರಿನ ಹೊರ ಡಬ್ಬಿ) ಪಕ್ಕದ ಬಾಗಿಲು ತೆಗೆದ ಮೇಲೆ ಒಳಗಿನದ್ದೂ ಎರಡು ಫೋಟೋ. ಯಾವ ವೈರ್ ಎಲ್ಲಿತ್ತು ಎಂದು ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ನಡುನಡುವೆಯೂ ಮುಟ್ಟುತ್ತಿರಿ. ನೈಲಾನ್ ಸೀರೆ, ಸ್ವೆಟರ್ ಹಾಕಿಕೊಂಡು ಈ ಕೆಲಸ ಮಾಡಬೇಡಿ. ಮೈಯಲ್ಲಿ ಕೂಡಿದ ಸ್ಥಿರ ವಿದ್ಯುತ್ತು ನಮಗೆ ಗೊತ್ತೇ ಆಗದೆ ಚಿಪ್ಪನ್ನು ಸುಟ್ಟುಬಿಡಬಹುದು.

ನಮ್ಮ ಕಡೆಯ ಧೂಳು ಬರೀ ಧೂಳಲ್ಲ. ಬಚ್ಚಲೊಲೆಯ ಹೊಗೆ, ದೇವರ ಮನೆಯ ಎಣ್ಣೆದೀಪದ ಮಸಿ ಸೇರಿ ಅಂಟಾಗಿರುತ್ತದೆ. ಬರೀ ಗಾಳಿಗೆ ಅದು ಹೋಗುವುದಿಲ್ಲ. ಒಣ ಬ್ರಷ್ಷಿನಿಂದ ಮೆಲ್ಲಗೆ ಸಡಿಲ ಮಾಡುತ್ತಾ ಜೊತೆಜೊತೆಗೇ ಗಾಳಿ ಹಾಕಬೇಕು. ಫ್ಯಾನಿಗೆ ಗಾಳಿ ಹಾಕುವಾಗ ಅದರ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದಿರಿ. ಗಾಳಿಯ ರಭಸಕ್ಕೆ ಅದು ಗಿರ್ರೆಂದು ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಪ್ರೊಸೆಸರ್ (ಕಂಪ್ಯೂಟರಿನ ಕೆಲಸವೆಲ್ಲ ಮಾಡುವ ಮುಖ್ಯ ಚಿಪ್ಪು) ಮೇಲಿನ ಫ್ಯಾನಿನ ಕೆಳಗೆ ಅಲ್ಯೂಮಿನಿಯಮ್ಮಿನ ಗರಿಗಳಿರುತ್ತವೆ. ಧೂಳು ಮನೆ ಮಾಡುವುದು ಅಲ್ಲೇ. ಕಳೆದ ವರ್ಷ ನೆರೆಮನೆಯವರ ಕಂಪ್ಯೂಟರ್ ಬಿಚ್ಚಿದಾಗ ಫ್ಯಾನ್ ಮತ್ತು ಗರಿಗಳ ನಡುವೆ ಬೂದು ಬಣ್ಣದ ಕಂಬಳಿ ಹಾಸಿದ ಹಾಗಿತ್ತು. ಚಿಮಟದಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬಂತು. ಅದರ ಮೇಲೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಕೆಳಗೆ ಇಳಿಯುವುದಿಲ್ಲ. ಪ್ರೊಸೆಸರ್ ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಅವರು ಹೊಸ ಕಂಪ್ಯೂಟರ್ ತರಬೇಕೆಂದು ಹೊರಟಿದ್ದರು. ಆ ಕಂಬಳಿ ತೆಗೆದ ಮೇಲೆ, ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ನೋಡಿದರೆ ಬಿಸಿ 78 ಡಿಗ್ರಿಯಿಂದ 46ಕ್ಕೆ ಇಳಿದಿತ್ತು.

ಆ ಫ್ಯಾನ್ ಬಿಚ್ಚಲೇಬೇಕೆಂದಿಲ್ಲ. ಬಿಚ್ಚಿದರೆ ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ (ಬಿಸಿಯನ್ನು ಗರಿಗಳಿಗೆ ದಾಟಿಸುವ ಲೇಪ) ಒರೆಸಿ ಹೊಸದು ಹಾಕಲೇಬೇಕು. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಲು ಬಟಾಣಿ ಕಾಳಿನಷ್ಟು ಪೇಸ್ಟ್. ಎಎಂಡಿ ಪ್ರೊಸೆಸರಿನ ಹಳೆಯ ಬೋರ್ಡ್ ಆದರೆ ಹತ್ತು ನಿಮಿಷ ಓಡಿಸಿ, ಆರಿಸಿ, ಬಿಸಿ ಇರುವಾಗಲೇ ಎಡಬಲಕ್ಕೆ ಸ್ವಲ್ಪ ತಿರುಗಿಸಿ ಬಿಡಿಸಿ. ತಣ್ಣಗಿದ್ದಾಗ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಮೊದಲ ಸಲವೇ ಇದಕ್ಕೆ ಕೈ ಹಾಕಬೇಡಿ. ಧೂಳು ತೆಗೆದರೆ ಮುಕ್ಕಾಲು ಕೆಲಸ ಆದ ಹಾಗೆ.

ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ) ಮಾತ್ರ ಎಲ್ಲರೂ ತೆಗೆದು ಹಾಕಲು ಕಲಿಯಬೇಕು. ಮಳೆಗಾಲದಲ್ಲಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ, ಕೆಲವು ಬೋರ್ಡುಗಳು ಬೀಪ್ ಬೀಪ್ ಎನ್ನುತ್ತವೆ. ಎಷ್ಟೋ ಸಲ ಕಾರಣ ಇಷ್ಟೇ, ರ‍್ಯಾಮಿನ ಚಿನ್ನದ ಬಣ್ಣದ ಅಂಚಿನ ಮೇಲೆ ತೆಳ್ಳಗೆ ಮಬ್ಬು ಕೂತಿರುತ್ತದೆ. ಎರಡೂ ಬದಿಯ ಕ್ಲಿಪ್ ಹೊರಕ್ಕೆ ತಳ್ಳಿದರೆ ರ‍್ಯಾಮ್ ಮೇಲೆದ್ದು ಬರುತ್ತದೆ. ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಎರಡೂ ಕಡೆ ಮೆಲ್ಲಗೆ ಉಜ್ಜಿ. ರಬ್ಬರಿನ ಪುಡಿ ಪೂರ್ತಿ ಕೊಡವಿ ಹೋಗಬೇಕು, ಸ್ಲಾಟಿನ ಒಳಗೆ ಬೀಳಬಾರದು. ಮತ್ತೆ ಕೂರಿಸುವಾಗ ಅಂಚಿನಲ್ಲಿರುವ ಕಚ್ಚು ಸ್ಲಾಟಿನ ಗೆರೆಗೆ ಸರಿಯಾಗಿ ಕೂತಿದೆಯೇ ನೋಡಿ, ಎರಡು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಟಕ್ ಎಂದು ಕ್ಲಿಪ್ ತಾನಾಗಿ ಮುಚ್ಚಿಕೊಳ್ಳಬೇಕು. ಆ ಸದ್ದು ಬರಲಿಲ್ಲವೆಂದರೆ ಕೂತಿಲ್ಲ ಎಂದೇ ಅರ್ಥ.

ಎಸ್‌ಎಂಪಿಎಸ್ ಡಬ್ಬಿಯನ್ನು, ಅಂದರೆ ಒಳಗೆ ಕರೆಂಟು ಹಂಚುವ ಪವರ್ ಸಪ್ಲೈಯನ್ನು, ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಹೊರಗಿನ ಜಾಲರಿಯಿಂದಲೇ ಗಾಳಿ ಹಾಕಿ. ಆ ಬಿಸಿ ಗೂಡಿಗೆ ಇರುವೆ ಬಂದು ಮೊಟ್ಟೆ ಇಡುತ್ತವೆ, ಹಲ್ಲಿ ಬಂದು ಕೂರುತ್ತದೆ. ಬೋರ್ಡಿನ ಮೇಲೆ ಹಲ್ಲಿ ಓಡಾಡಿದರೆ ಶಾರ್ಟ್ ಆಗುತ್ತದೆ, ಹಲ್ಲಿಯೂ ಹೋಗುತ್ತದೆ, ಬೋರ್ಡೂ ಹೋಗುತ್ತದೆ. ಕ್ಯಾಬಿನೆಟ್ ಹಿಂದೆ ಕಾರ್ಡ್ ಇಲ್ಲದ ಖಾಲಿ ಕಿಂಡಿಗಳಿದ್ದರೆ ಲೋಹದ ಪಟ್ಟಿ ಹಾಕಿಸಿ. ಸಿಗದಿದ್ದರೆ ಸೊಳ್ಳೆ ಪರದೆಯ ತುಂಡನ್ನು ಹೊರಗಡೆಯಿಂದ ಅಂಟಿಸಿದರೂ ಆಗುತ್ತದೆ, ಗಾಳಿ ಓಡಾಡಬೇಕು ಅಷ್ಟೇ.

ಪರದೆಗೆ ಕಿಟಕಿ ಗಾಜಿನ ಸ್ಪ್ರೇ ಹೊಡೆಯಬೇಡಿ. ಮೆತ್ತನೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ಕೀಬೋರ್ಡನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದರೆ ಅವಲಕ್ಕಿ, ಅಡಿಕೆ ಚೂರು ಎಲ್ಲ ಉದುರುತ್ತದೆ. ಲ್ಯಾಪ್‌ಟಾಪ್ ಆದರೆ ತಳದ ಕಿಂಡಿಗೆ ಹೊರಗಿನಿಂದ ಗಾಳಿ ಹಾಕಿ ಸಾಕು ಮಾಡಿ. ಅದರ ಬ್ಯಾಟರಿ ಉಬ್ಬಿ ತಳ ಎದ್ದ ಹಾಗೆ ಕಂಡರೆ ಅವತ್ತೇ ಬಳಸುವುದು ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ, ಬದಲಿಸಲು ಕೊಡಿ.

ಮಳೆಗಾಲ ಪೂರ್ತಿ ಕಂಪ್ಯೂಟರನ್ನು ಮುಚ್ಚಿಟ್ಟು ಸೆಪ್ಟೆಂಬರಿನಲ್ಲಿ ಆನ್ ಮಾಡುವುದು ತಪ್ಪು. ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಓಡಲಿ. ಒಳಗಿನ ಬಿಸಿಗೇ ತೇವ ಆರುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸುವವರು ಪೂರ್ತಿ ತಣ್ಣಗಾದ ಮೇಲೆ ಹೊದಿಸಿ. ನಾನಂತೂ ಹಳೆಯ ಪಂಚೆ ಹೊದಿಸುತ್ತೇನೆ.

ಕರೆಂಟಿನ ವಿಚಾರ

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆಯೇ? ಅದು ಕಂಪ್ಯೂಟರಿನ ದೋಷ ಅಲ್ಲದಿರಬಹುದು, ಮನೆಯ ಅರ್ಥಿಂಗ್ ಇಲ್ಲ ಎನ್ನುವುದರ ಗುರುತು. ಎಸ್‌ಎಂಪಿಎಸ್‌ನಲ್ಲಿರುವ ಫಿಲ್ಟರ್ ಚೂರು ಕರೆಂಟನ್ನು ಅರ್ಥಿನ ತಂತಿಗೆ ಬಿಡುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಓಡಿಸುವುದು ಅಪಾಯ.

ಯುಪಿಎಸ್ (ಕರೆಂಟು ಹೋದಾಗ ಸ್ವಲ್ಪ ಹೊತ್ತು ಓಡಿಸುವ ಬ್ಯಾಟರಿ ಪೆಟ್ಟಿಗೆ) ಇಲ್ಲದೆ ಡೆಸ್ಕ್‌ಟಾಪ್ ಇಡಬೇಡಿ. ಮನೆಗೆ 600 ವಿಎ ಸಾಕು. ಅದರೊಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಬ್ಯಾಟರಿ ಇರುತ್ತದೆ, ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಸೋತಾಗ ಯುಪಿಎಸ್ ಹೊಸದು ಬೇಡ, ಬ್ಯಾಟರಿ ಮಾತ್ರ ಬದಲಿಸಿದರಾಯಿತು.

ಸಿಡಿಲಿಗೆ ಯುಪಿಎಸ್ ತಡೆ ಅಲ್ಲ. ನಮ್ಮ ಕಡೆ ಗುಡುಗು ಸಿಡಿಲು ಜುಲೈ ಮಳೆಗಿಂತ ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲೇ ಜೋರು. ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಕೀಳಬೇಕು. ಜೊತೆಗೆ ಮೋಡೆಮ್‌ನಿಂದ ಬರುವ ಲ್ಯಾನ್ ವೈರ್ ಕೂಡ. ಮೊದಲು ತಾಮ್ರದ ಫೋನ್ ತಂತಿಯಲ್ಲಿ ಸಿಡಿಲು ಒಳಗೆ ಬರುತ್ತಿತ್ತು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಮೋಡೆಮ್‌ಗೆ ಕರೆಂಟು ಬರುವುದು ಗೋಡೆಯಿಂದಲೇ ಅಲ್ವಾ? ಅಲ್ಲಿಂದ ಲ್ಯಾನ್ ವೈರಿನಲ್ಲಿ ಕಂಪ್ಯೂಟರಿಗೆ ದಾರಿ ಇದ್ದೇ ಇದೆ.

ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ, ವೆಬ್‌ಸೈಟುಗಳು ಭದ್ರ ಅಲ್ಲ ಎಂದು ಸುಮ್ಮಸುಮ್ಮನೆ ಎಚ್ಚರಿಕೆ ಬರುತ್ತಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿರಬಹುದು. ಸಿಆರ್2032 ಎಂದು ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಒಳಗಿನ ಗುಡಿಸುವಿಕೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಪುಟದಲ್ಲಿ ಕಂಪ್ಯೂಟರಿನ ಜೊತೆಗೇ ಏಳುವ ಪ್ರೋಗ್ರಾಮುಗಳ ಪಟ್ಟಿ ಇದೆ. ಆಂಟಿವೈರಸ್ ಮತ್ತು ಕನ್ನಡ ಕೀಲಿಮಣೆಯ ತಂತ್ರಾಂಶ ಬಿಟ್ಟು ನಿಮಗೆ ಪರಿಚಯ ಇರುವ, ಆದರೆ ದಿನಾ ಬೇಡದ ಪ್ರೋಗ್ರಾಮುಗಳನ್ನು ಡಿಸೇಬಲ್ ಮಾಡಿ. ಹೆಸರೇ ಗೊತ್ತಿಲ್ಲದ್ದನ್ನು ಮುಟ್ಟಬೇಡಿ.

ಸಿ ಡ್ರೈವ್ ಪೂರ್ತಿ ತುಂಬಲು ಬಿಡಬೇಡಿ, ಐದರಲ್ಲಿ ಒಂದು ಪಾಲು ಖಾಲಿ ಇರಲಿ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಟೆಂಪರರಿ ಫೈಲ್ಸ್ ಅಳಿಸಬಹುದು. ಅಳಿಸುವ ಮೊದಲು ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎನ್ನುವುದಕ್ಕೆ ಗುರುತು ಬಿದ್ದಿದೆಯೇ ನೋಡಿ, ಇದ್ದರೆ ತೆಗೆಯಿರಿ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. "ನಿಮ್ಮ ಕಂಪ್ಯೂಟರನ್ನು ಹತ್ತು ಪಟ್ಟು ವೇಗ ಮಾಡುತ್ತೇವೆ" ಎನ್ನುವ ಕ್ಲೀನರ್‌ಗಳು, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಸರಿ ಮಾಡುವವು ಒಂದೂ ಬೇಡ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆಗೆ ಸಾಕು.

ಕಂಪ್ಯೂಟರ್ ತೀರಾ ನಿಧಾನ, ಒಳಗೆ ಇನ್ನೂ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದೆ ಅಂದರೆ ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ ಹೆಚ್ಚಿಸುವುದಕ್ಕಿಂತ ಮೊದಲು ಇದೇ. ಹಳೆಯ ಯಂತ್ರಕ್ಕೆ ಇಷ್ಟು ಜೀವ ತುಂಬುವ ಬೇರೆ ಖರ್ಚನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದರೆ ಮಾಡಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಬ್ರೌಸರ್ ಮುಚ್ಚಿ, ಮುಚ್ಚದಿದ್ದರೆ ಕಂಪ್ಯೂಟರನ್ನೇ ಆರಿಸಿ. ಯಾರಿಗಾದರೂ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ.

ವಿಂಡೋಸ್ ಏಳದೇ ಹೋದಾಗ

ಮೊದಲು ಯುಎಸ್‌ಬಿಯಲ್ಲಿ ಸಿಕ್ಕಿಸಿದ್ದನ್ನೆಲ್ಲ ಕೀಳಿ, ಪೆನ್‌ಡ್ರೈವ್, ಪ್ರಿಂಟರ್ ಎಲ್ಲ. ಬರೀ ಕೀಬೋರ್ಡ್, ಮೌಸ್ ಇಟ್ಟು ನೋಡಿ. ಅಷ್ಟಕ್ಕೇ ಎದ್ದ ಕಂಪ್ಯೂಟರುಗಳನ್ನು ಕಂಡಿದ್ದೇನೆ.

ಏಳಲಿಲ್ಲವೆಂದರೆ ಕಿವಿಗೊಡಿ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಒಂದೇ ತಾಳದಲ್ಲಿ ಸದ್ದು ಮಾಡುತ್ತಿದೆಯೇ? ಹಾಗಿದ್ದರೆ ಇನ್ನು ಆನ್ ಮಾಡಬೇಡಿ. ಓಡಿಸಿದಷ್ಟೂ ಅದು ಸಾಯುತ್ತದೆ. ಡೇಟಾ ರಿಕವರಿ ಮಾಡುವವರಿಗೇ ಕೊಡಬೇಕು. ಇಂಥ ಡಿಸ್ಕಿನ ಮೇಲೆ ವಿಂಡೋಸಿನ ತಪಾಸಣೆ ತಂತ್ರಾಂಶ ಚೆಕ್‌ಡಿಸ್ಕ್ ಓಡಿಸಿ "ಸರಿ ಮಾಡಲು" ಹೋದರೆ ಇರುವುದೂ ಹೋಗುತ್ತದೆ.

ಸದ್ದು ಇಲ್ಲದಿದ್ದರೆ ರಿಕವರಿ ಪರದೆಗೆ ಹೋಗೋಣ. ವಿಂಡೋಸ್ ಲೋಗೋ ಬರುತ್ತಿದ್ದ ಹಾಗೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಎರಡು ಸಲ ಹೀಗೆ ಮಾಡಿದರೆ ಮೂರನೇ ಸಲ ಅದು ತಾನಾಗಿ ಆಟೊಮ್ಯಾಟಿಕ್ ರಿಪೇರಿಗೆ ಹೋಗುತ್ತದೆ. ವಿಂಡೋಸ್ ಎದ್ದು ಲಾಗಿನ್ ಪರದೆ ತನಕ ಬರುತ್ತಿದ್ದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದರೂ ಅದೇ ನೀಲಿ ಪರದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್.

ಇಲ್ಲಿ ಒಂದು ತಡೆ ಬರಬಹುದು. ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತದೆ, ಎಷ್ಟೋ ಜನರಿಗೆ ಇದೆ ಎಂದೇ ಗೊತ್ತಿರುವುದಿಲ್ಲ. ಅದು 48 ಅಂಕಿಯ ಕೀಲಿ ಕೇಳುತ್ತದೆ. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ನೋಡಿ ಕಾಗದದ ಮೇಲೆ ಬರೆದಿಡಿ. ನಾನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ.

ರಿಪೇರಿಗೆ ಮೊದಲು ಫೈಲ್ ಹೊರಗೆ ತೆಗೆಯಿರಿ. ವಿಂಡೋಸ್ ಸತ್ತಿದ್ದರೂ ಇದು ಆಗುತ್ತದೆ. ಖಾಲಿ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ಸಿಕ್ಕಿಸಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್. ಕೆಳಗೆ ಟೆಕ್ಸ್ಟ್ ಫೈಲ್ಸ್ ಎಂದಿರುವುದನ್ನು ಆಲ್ ಫೈಲ್ಸ್ ಎಂದು ಬದಲಿಸಿ. ಈಗ ಆ ಪುಟ್ಟ ಕಿಟಕಿಯಲ್ಲೇ ನಿಮ್ಮ ಡ್ರೈವ್‌ಗಳೆಲ್ಲ ಕಾಣುತ್ತವೆ. ಡ್ರೈವಿನ ಅಕ್ಷರಗಳು ಇಲ್ಲಿ ಅದಲು ಬದಲಾಗಿರಬಹುದು, ಸಿ ಇದ್ದದ್ದು ಡಿ ಆಗಿರಬಹುದು, ಗಾಬರಿ ಬೇಡ. ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್. ಅದರ ಮೇಲೆ ಬಲ ಕ್ಲಿಕ್, ಕಾಪಿ. ಪೆನ್‌ಡ್ರೈವಿಗೆ ಹೋಗಿ ಬಲ ಕ್ಲಿಕ್, ಪೇಸ್ಟ್. ನಕಲು ಎಷ್ಟಾಯಿತು ಎಂದು ತೋರಿಸುವುದಿಲ್ಲ, ಕಿಟಕಿ ಅಲುಗಾಡದೆ ನಿಲ್ಲುತ್ತದೆ. ಪೆನ್‌ಡ್ರೈವಿನ ದೀಪ ಮಿಣುಕುತ್ತಿದ್ದರೆ ಸಾಕು, ಕಾಯಿರಿ. ಈ ಒಂದು ದಾರಿ 2014ರಲ್ಲಿ ನನಗೆ ಗೊತ್ತಿದ್ದರೆ ಅಂಗಡಿಗೇ ಹೋಗುತ್ತಿರಲಿಲ್ಲ.

ಫೈಲ್ ಕೈಗೆ ಬಂದ ಮೇಲೆ ಒಂದೊಂದೇ ನೋಡಿ. ಸ್ಟಾರ್ಟಪ್ ರಿಪೇರಿ ಮೊದಲು. ಅಪ್‌ಡೇಟ್ ಆದ ಮರುದಿನವೇ ಕೆಟ್ಟಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಆಮೇಲೆ ಸಿಸ್ಟಮ್ ರಿಸ್ಟೋರ್. ಇದು ಹಿಂದಿನ ಒಂದು ದಿನದ ಸ್ಥಿತಿಗೆ ವಿಂಡೋಸನ್ನು ಒಯ್ಯುತ್ತದೆ, ನಿಮ್ಮ ಬರಹಗಳನ್ನು ಮುಟ್ಟುವುದಿಲ್ಲ. ಆದರೆ ಮೊದಲೇ ಆನ್ ಮಾಡಿಟ್ಟಿರಬೇಕು, ಎಷ್ಟೋ ಕಂಪ್ಯೂಟರುಗಳಲ್ಲಿ ಆಫ್ ಆಗಿಯೇ ಇರುತ್ತದೆ. ಇವತ್ತೇ ಸ್ಟಾರ್ಟ್ ಮೆನುವಿನಲ್ಲಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಎಂದು ಹುಡುಕಿ, ಸಿ ಡ್ರೈವಿಗೆ ಪ್ರೊಟೆಕ್ಷನ್ ಆನ್ ಮಾಡಿಡಿ.

ಏನೂ ಆಗದಿದ್ದರೆ ರೀಸೆಟ್ ದಿಸ್ ಪಿಸಿ. ಅದರಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದರೆ ನಿಮ್ಮ ಫೈಲ್ ಉಳಿದು, ಹಾಕಿಕೊಂಡ ಪ್ರೋಗ್ರಾಮುಗಳು ಮಾತ್ರ ಹೋಗುತ್ತವೆ. ರಿಮೂವ್ ಎವೆರಿಥಿಂಗ್ ಎಂದರೆ ಹೆಸರೇ ಹೇಳುವ ಹಾಗೆ ಎಲ್ಲ. ಅದೂ ಓಡದಿದ್ದರೆ ಬೇರೆಯವರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಅದರಿಂದ ವಿಂಡೋಸ್ ತುಂಬಿಕೊಂಡು ಹೊಸದಾಗಿ ಹಾಕಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೇಗೂ ಹೊಸದು ಹಾಕುವುದಾದರೆ ಯಂತ್ರಕ್ಕೆ ವಿಂಡೋಸ್ 11 ಹಿಡಿಸುತ್ತದೆಯೇ ನೋಡಿ.

ನುಡಿಯ ಫೈಲುಗಳು

ನುಡಿ, ಬರಹ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ಇದನ್ನು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬಿಡಿಸಿ ಹೇಳಲೇಬೇಕು. ರೀಸೆಟ್ ಆದ ಮೇಲೆ ಹಳೆಯ ವರ್ಡ್ ಫೈಲ್ ತೆರೆದರೆ ಕನ್ನಡವೇ ಇಲ್ಲ. ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಸಾಲು. ಫೈಲ್ ಕೆಟ್ಟಿತು ಎಂದು ಅಳಿಸಿಬಿಟ್ಟವರು ನನಗೆ ಗೊತ್ತು. ಅದು ಕೆಟ್ಟಿಲ್ಲ. ಯುನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಈಗಿನ ಪದ್ಧತಿ. ಯುನಿಕೋಡ್‌ಗೆ ಮೊದಲಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಇಟ್ಟು ಬರೆಸುತ್ತಿದ್ದವು. ರೀಸೆಟ್‌ನಲ್ಲಿ ಪ್ರೋಗ್ರಾಮಿನ ಜೊತೆ ಫಾಂಟೂ ಹೋಗಿರುತ್ತದೆ, ಅಷ್ಟೆ. ನುಡಿಯನ್ನು ಮತ್ತೆ ಹಾಕಿದರೆ ಕನ್ನಡ ವಾಪಸ್ ಬರುತ್ತದೆ.

ಹಾಗಾಗಿ ನಕಲು ತೆಗೆಯುವಾಗ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಿಂದ ನುಡಿ, ಬರಹ ಮತ್ತು ನೀವು ಬಳಸುವ ಬೇರೆ ಕನ್ನಡ ಫಾಂಟುಗಳನ್ನೂ ಎತ್ತಿಡಿ. ನುಡಿ, ಬರಹದ ಇನ್‌ಸ್ಟಾಲ್ ಫೈಲನ್ನೂ ಅದೇ ಡಿಸ್ಕಿಗೆ ಹಾಕಿ. ಮುಖ್ಯವಾದ ಬರಹದ ಒಂದು ಪಿಡಿಎಫ್ ಮಾಡಿಡಿ. ಪಿಡಿಎಫ್ ಒಳಗೆ ಫಾಂಟು ಸೇರಿಕೊಂಡಿದ್ದರೆ ಯಾವ ಕಂಪ್ಯೂಟರಿನಲ್ಲೂ ಓದಬಹುದು.

ಬಹಳ ಕಾಲ ಉಳಿಯಬೇಕಾದ್ದನ್ನು ಯುನಿಕೋಡ್‌ಗೆ ಬದಲಿಸಿ. ಅದಕ್ಕೆ ಪರಿವರ್ತಕಗಳಿವೆ, ಪುಕ್ಕಟೆಯೇ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಸೂರ್ಯ, ಕಾರ್ಯ, ಧರ್ಮ ಇಂಥವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಎಡವುವುದು ಅಲ್ಲೇ.

ಅಳಿಸಿಹೋದ ಫೈಲು

ಅಳಿಸಿದ್ದು ಗೊತ್ತಾದ ಕ್ಷಣವೇ ಆ ಡಿಸ್ಕ್ ಬಳಸುವುದನ್ನು ನಿಲ್ಲಿಸಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಹೆಸರು ಹೋಗುತ್ತದೆ, ಅಕ್ಷರಗಳು ಅಲ್ಲೇ ಇರುತ್ತವೆ, ಅದರ ಮೇಲೆ ಹೊಸದು ಬರೆಯುವ ತನಕ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಖಾಲಿಯಾದ ಜಾಗವನ್ನು ಅದು ಬೇಗನೇ ಒರೆಸಿಬಿಡುತ್ತದೆ, ಬಹಳ ಸಲ ಏನೂ ಸಿಗುವುದಿಲ್ಲ.

2014ರಲ್ಲಿ ಅಂಗಡಿಯಿಂದ ಕಂಪ್ಯೂಟರ್ ತಂದ ಮೇಲೆ ನಾನು ಡಿಸ್ಕ್ ಬಿಚ್ಚಿ, ಅಣ್ಣನ ಮಗನ ಲ್ಯಾಪ್‌ಟಾಪಿಗೆ ಯುಎಸ್‌ಬಿ ವೈರಿನಿಂದ ಸಿಕ್ಕಿಸಿ ಫೋಟೋರೆಕ್ ಎನ್ನುವ ತಂತ್ರಾಂಶ ಓಡಿಸಿದೆ. ಹೆಸರು ಫೋಟೋ ಎಂದಿದ್ದರೂ ಅದು ವರ್ಡ್ ಫೈಲುಗಳನ್ನೂ ಹುಡುಕುತ್ತದೆ, ಪುಕ್ಕಟೆ ಸಿಗುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಬರೆಸಬೇಕು, ಅದೇ ಡಿಸ್ಕಿಗೆ ಬರೆಸಿದರೆ ಉಳಿದದ್ದೂ ಅಳಿಯುತ್ತದೆ. ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ಸಾವಿರಾರು ಫೈಲು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ನಾಲ್ಕು ದಿನ ಒಂದೊಂದೇ ತೆರೆದೆ. ಪ್ರಸಂಗದ ಹಳೆಯ ಪ್ರತಿಯೊಂದು ಸಿಕ್ಕಿತು, 38 ಪುಟದ್ದು. ಉಳಿದ 23 ಪುಟ ಸಿಗಲಿಲ್ಲ, ಹೊಸ ವಿಂಡೋಸ್ ಅದರ ಮೇಲೆ ಕೂತಿತ್ತು.

ಮಾವನವರಿಗೆ ಆಗ 79. ಸಂಜೆ ಕಾಫಿ ಆದ ಮೇಲೆ ಕಂಪ್ಯೂಟರಿನ ಪಕ್ಕ ಬೆತ್ತದ ಕುರ್ಚಿ ಹಾಕಿಕೊಂಡು, ಕೈಯಲ್ಲಿ ತಾಳ ಹಾಕುತ್ತಾ ಪದ್ಯ ನೆನಪಿಸಿಕೊಳ್ಳುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಎರಡು ಕಡೆ ಸಾಲು ನೆನಪಾಗಲೇ ಇಲ್ಲ, ಅಲ್ಲಿ ಹೊಸದಾಗಿ ಕಟ್ಟಿದರು. ಅದು ಮುಗಿದ ರಾತ್ರಿಯೇ ಮೂರು ಪ್ರತಿ ಮಾಡಿ, ಪ್ರತಿ ಡಿಸ್ಕಿನ ಮೇಲೂ ಬಿಳಿ ಟೇಪ್ ಅಂಟಿಸಿ ತಾರೀಕು ಬರೆದೆ. ಆ ಟೇಪಿನ ಮೇಲಿನ ತಾರೀಕು ಆರು ತಿಂಗಳಿಗಿಂತ ಹಳೆಯದಾಯಿತೆಂದರೆ ಇವತ್ತಿಗೂ ಬೇರೆ ಕೆಲಸ ಬಿಟ್ಟು ಮೊದಲು ನಕಲಿಗೆ ಕೂರುತ್ತೇನೆ.